ಮಾಲು ಇದೆ, ಕೈಗೆ ಸಿಗುತ್ತಿಲ್ಲ!

‘ಸಾರ್, ಮಾಲು ಇದೆ ಅಂತ ಕಂಪ್ಯೂಟರ್ ಹೇಳ್ತಿದೆಯಂತೆ. ಹಂಗಾದ್ರೆ ಕೈಗ್ಯಾಕೆ ಸಿಗ್ತಿಲ್ಲ?’

2018ರ ಬೇಸಿಗೆಯ ಒಂದು ಮಧ್ಯಾಹ್ನ ಲಾರಿ ಚಾಲಕರೊಬ್ಬರು ಫೋನಿನಲ್ಲಿ ನನಗೆ ಕೇಳಿದ ಪ್ರಶ್ನೆ ಇದು. ಕೋಲಾರದಿಂದ ಟೊಮೆಟೊ ತುಂಬಿಕೊಂಡು ಸೂರತ್‌ಗೆ ಹೊರಟಿದ್ದ ಅವರ ಲಾರಿ, ಸಾತಾರಾ ದಾಟಿ ಶಿರವಳದ ಹತ್ತಿರ ಕ್ಲಚ್ ಸುಟ್ಟುಕೊಂಡು ನಿಂತಿತ್ತು. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್ ಎರಡೂ ಬದಲಿಸಬೇಕು ಎಂದಿದ್ದ ಮೆಕ್ಯಾನಿಕ್. ಆ ಸೆಟ್ ಇದ್ದದ್ದು ಪುಣೆಯ ಹೊರವಲಯ ವಾಘೋಲಿಯ ಒಂದು ಗೋದಾಮಿನಲ್ಲಿ. ಆ ಗೋದಾಮಿನ ನಕ್ಷೆ ಹಾಕಿದವನು ನಾನು. ಚಾಲಕರ ಅರೆಬರೆ ಹಿಂದಿ ಅರ್ಥವಾಗದ ನಮ್ಮ ಗುಮಾಸ್ತ, ‘ನಿಮ್ಮ ಕಡೆಯವರಿರಬೇಕು, ನೀವೇ ಮಾತಾಡಿ’ ಎಂದು ಫೋನನ್ನು ನನ್ನ ಕೈಗೆ ಕೊಟ್ಟಿದ್ದ.

ಕಂಪ್ಯೂಟರ್ ಹೇಳಿದ್ದು ಸುಳ್ಳಲ್ಲ. ನಾಲ್ಕು ಸೆಟ್ ಇದ್ದವು. ಅವನ್ನು ಹುಡುಕಲು ಆರು ಜನಕ್ಕೆ ಮೂರೂವರೆ ಗಂಟೆ ಹಿಡಿಯಿತು. ಸಿಗುವ ಹೊತ್ತಿಗೆ ಸಾತಾರಾ ಕಡೆಯ ವ್ಯಾನ್ ಹೊರಟು ಹೋಗಿತ್ತು. ಸೆಟ್ ಲಾರಿಗೆ ಮುಟ್ಟಿದ್ದು ಮರುದಿನ ಮಧ್ಯಾಹ್ನ. ಮೂರು ದಿನ ಬಿಟ್ಟು ನಾನೇ ಫೋನ್ ಮಾಡಿ ವಿಚಾರಿಸಿದೆ. ‘ಅರ್ಧ ಮಾಲು ನೀರಾಗಿತ್ತು ಸಾರ್. ಬಾಡಿಗೇಲಿ ಹಿಡ್ಕೊಂಡ್ರು’ ಎಂದರು. ಅಷ್ಟೇ. ಬೈಯಲೂ ಇಲ್ಲ.

ನಾನು ಚಿತ್ರದುರ್ಗದವನು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪುಣೆಗೆ ಬಂದು, ಗೋದಾಮುಗಳ ವಿನ್ಯಾಸ ಮಾಡುವ ಕೆಲಸಕ್ಕೆ ಸೇರಿಕೊಂಡೆ. ಊರಿಗೆ ಹೋದಾಗ ‘ಗೋಡೌನ್‌ಗೆ ಎಂಥ ಡಿಸೈನಪ್ಪಾ? ನಾಲ್ಕು ಗೋಡೆ, ಮೇಲೊಂದು ಶೀಟು’ ಎಂದು ನಗುವವರಿದ್ದಾರೆ. ಆ ಚಾಲಕರ ಪ್ರಶ್ನೆ ಕೇಳುವ ತನಕ ನಾನೂ ಹೆಚ್ಚುಕಡಿಮೆ ಹಾಗೆಯೇ ಅಂದುಕೊಂಡಿದ್ದೆ. ಲೆಕ್ಕ ಮಾತ್ರ ಸ್ವಲ್ಪ ದೊಡ್ಡದಿತ್ತು.

2017ರ ಜುಲೈ 1ರಂದು ಜಿಎಸ್‌ಟಿ ಬಂದದ್ದು ನಮ್ಮ ಕಸುಬಿಗೆ ದೊಡ್ಡ ತಿರುವು. ಅದಕ್ಕೂ ಮೊದಲು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮಾಲು ಮಾರಿದರೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ಅದನ್ನು ತಪ್ಪಿಸಲು ಕಂಪನಿಗಳು ರಾಜ್ಯಕ್ಕೊಂದು ಗೋದಾಮು ಇಟ್ಟುಕೊಂಡು, ಅಲ್ಲಿಂದಲೇ ಮಾರುತ್ತಿದ್ದವು. ಜಿಎಸ್‌ಟಿ ಬಂದ ಮೇಲೆ ಆ ಅಗತ್ಯ ಉಳಿಯಲಿಲ್ಲ. ಗಡಿಯ ತೆರಿಗೆ ಚೆಕ್‌ಪೋಸ್ಟುಗಳೂ ಎದ್ದು ಹೋದವು. ನಾಲ್ಕು ಸಣ್ಣ ಗೋದಾಮು ಮುಚ್ಚಿ ಒಂದು ದೊಡ್ಡದು ಕಟ್ಟೋಣ ಎಂಬ ಗಾಳಿ ಎಲ್ಲೆಡೆ ಬೀಸಿತು. ನಮಗೆ ಕೆಲಸ ಕೊಟ್ಟ ಬಿಡಿಭಾಗ ವಿತರಕರೂ ಹಾಗೆಯೇ ಗೋವಾ, ಹುಬ್ಬಳ್ಳಿ, ಕೊಲ್ಹಾಪುರದ ಗೋದಾಮುಗಳನ್ನು ಮುಚ್ಚಿ, ಎಲ್ಲವನ್ನೂ ವಾಘೋಲಿಗೆ ತಂದರು. 60 ಸಾವಿರ ಚದರ ಅಡಿ ಜಾಗ, 22 ಸಾವಿರ ಬಗೆಯ ಬಿಡಿಭಾಗಗಳು.

ಬಿಡಿಭಾಗಗಳ ಗೋದಾಮು ಅಕ್ಕಿ, ಸಿಮೆಂಟಿನ ಗೋದಾಮಿನಂತಲ್ಲ. ಅಲ್ಲಿ ನೂರು ಮೂಟೆ ಇದ್ದರೆ ನೂರೂ ಒಂದೇ. ಇಲ್ಲಿ ಬೆರಳಿನ ಉಗುರಿನಷ್ಟು ಫ್ಯೂಸ್‌ನಿಂದ ಹಿಡಿದು ಆಳುದ್ದದ ಬಂಪರ್‌ವರೆಗೆ ಸಾವಿರಾರು ಆಕಾರ. ಕೆಲವು ದಿನಕ್ಕೆ ನೂರು ಸಲ ಬೇಕಾಗುತ್ತವೆ, ಕೆಲವು ವರ್ಷಕ್ಕೊಮ್ಮೆ. ಆದರೆ ವರ್ಷಕ್ಕೊಮ್ಮೆ ಕೇಳುವ ಆ ಒಂದು ಭಾಗಕ್ಕಾಗಿ ಒಂದು ಲಾರಿ ಎಲ್ಲೋ ನಿಂತಿರುತ್ತದೆ. ನಮ್ಮ ಉದ್ಯಮದಲ್ಲಿ ಇದಕ್ಕೆ ‘ವೆಹಿಕಲ್ ಆಫ್ ರೋಡ್’ ಆರ್ಡರ್ ಎನ್ನುತ್ತಾರೆ. ಅಂದರೆ ಗಾಡಿ ರಸ್ತೆಯಿಂದ ಇಳಿದಿದೆ, ಉಳಿದದ್ದೆಲ್ಲ ಬಿಟ್ಟು ಮೊದಲು ಇದನ್ನು ಕಳಿಸಿ ಎಂದು.

ಇದೆಲ್ಲ ಪುಸ್ತಕದಲ್ಲಿ ಓದಿದ್ದೆ. ಆದರೂ ನಕ್ಷೆ ಹಾಕುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ ಅಂಕಿ: ಎಷ್ಟು ಪ್ಯಾಲೆಟ್ ಹಿಡಿಸಬಹುದು? ಮಾಲೀಕರು ಕೇಳಿದ್ದೂ ಅದನ್ನೇ. ಮಾಲು ಇಳಿಸಿಕೊಳ್ಳುವ ಡಾಕ್‌ನ ಹಿಂದೆ ಖಾಲಿ ನೆಲ ಬೇಕಲ್ಲ, ಬಂದದ್ದನ್ನು ಬಿಚ್ಚಿ, ಎಣಿಸಿ, ಚೀಟಿ ಅಂಟಿಸುವುದಕ್ಕೆ, ಆ ನೆಲದಿಂದ ಸುಮಾರು 3,000 ಚದರ ಅಡಿ ಕಿತ್ತುಕೊಂಡು ಇನ್ನೆರಡು ಸಾಲು ರ‍್ಯಾಕ್ ನಿಲ್ಲಿಸಿದೆ. 320 ಪ್ಯಾಲೆಟ್ ಜಾಗ ಹೆಚ್ಚಾಯಿತು. ಮಾಲೀಕರು ಬೆನ್ನು ತಟ್ಟಿದರು. ಖಾಲಿ ನೆಲ ಎಂದರೆ ದಂಡದ ಬಾಡಿಗೆ ಎಂದು ಆಗ ನಾನೇ ಭಾಷಣ ಮಾಡಿದ್ದೆ.

ಶಿರವಳದ ಲಾರಿಗೆ ಬೇಕಾಗಿದ್ದ ಕ್ಲಚ್ ಸೆಟ್ ಸಿಕ್ಕಿದ್ದು ಅಲ್ಲೇ, ಡಾಕ್‌ನ ಹಿಂದೆ. ಎರಡು ದಿನದ ಹಿಂದೆ ಇಳಿದಿದ್ದ ಮಾಲು. ಬಿಲ್ ನೋಡಿ ಕಂಪ್ಯೂಟರಿಗೆ ಏರಿಸಿದ್ದರು. ಆದರೆ ರ‍್ಯಾಕಿಗೆ ಸೇರಿಸಲು ಪುರಸೊತ್ತಾಗದೆ ಇಕ್ಕಟ್ಟಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಅದರ ಮುಂದೆ ಇನ್ನೊಂದು ಲಾರಿಯ ಮಾಲು, ಅದರ ಮುಂದೆ ಮತ್ತೊಂದು. ನಾನು ಗಳಿಸಿಕೊಟ್ಟ 320 ಪ್ಯಾಲೆಟ್ ಜಾಗದ ಬೆಲೆಯನ್ನು ಒಬ್ಬ ಚಾಲಕ ತನ್ನ ಬಾಡಿಗೆಯಲ್ಲಿ ತೆತ್ತಿದ್ದರು.

ಆ ತಿಂಗಳ ಕೊನೆಗೆ ಸಂಬಂಧಿಕರ ಗೃಹಪ್ರವೇಶಕ್ಕೆಂದು ಊರಿಗೆ ಹೋದೆ. ಸೋದರಮಾವನದು ಚಿತ್ರದುರ್ಗದ ಹಳೇ ಹೆದ್ದಾರಿಯ ಪಕ್ಕ ಸ್ಪೇರ್ ಪಾರ್ಟ್ಸ್ ಅಂಗಡಿ. ಹತ್ತಡಿ ಅಗಲ, ಹದಿನೈದು ಅಡಿ ಉದ್ದ. ಚಿಕ್ಕಂದಿನಲ್ಲಿ ಬೇಸಿಗೆ ರಜೆಯೆಲ್ಲ ಅಲ್ಲಿ ಕಳೆದಿದ್ದೇನೆ. ಆದರೆ ಅಂಗಡಿಯನ್ನು ಅಂಗಡಿಯಂತೆ ನೋಡಿದ್ದು ಆ ದಿನವೇ. ಕರೆಂಟು ಹೋಗಿತ್ತು. ಗಿರಾಕಿಯೊಬ್ಬ ಬೇರಿಂಗ್ ಕೇಳಿದ. ಮಾವ ಮಾತು ನಿಲ್ಲಿಸದೆ, ತಿರುಗಿಯೂ ನೋಡದೆ, ಕೈ ಚಾಚಿ ತೆಗೆದುಕೊಟ್ಟರು.

ನಾನು ಕೇಳುತ್ತಾ ಹೋದೆ, ಅವರು ಹೇಳುತ್ತಾ ಹೋದರು. ದಿನಾ ಕೇಳುವ ಫಿಲ್ಟರ್, ಬಲ್ಬು, ಫ್ಯಾನ್ ಬೆಲ್ಟು ಗಲ್ಲಾಪೆಟ್ಟಿಗೆಯಿಂದ ಕೈಗೆಟಕುವಷ್ಟು ದೂರದಲ್ಲಿ. ತೂಕದ್ದು ಕೆಳಗೆ. ಅಪರೂಪದ್ದು ಅಟ್ಟದ ಮೇಲೆ. ‘ಎಡಗಡೆ ಲೈಟು, ಬಲಗಡೆ ಲೈಟು ಅಕ್ಕಪಕ್ಕ ಇಡಬಾರದು ಕಣೋ. ಗಡಿಬಿಡೀಲಿ ಕೈ ತಪ್ಪುತ್ತೆ’ ಎಂದರು. ಕೊನೆಗೆ, ‘ಬಂದ ಮಾಲನ್ನ ಜಾಗಕ್ಕೆ ಸೇರಿಸದೆ ನಾನು ಶಟರ್ ಎಳೆಯಲ್ಲ’ ಎಂದರು. ನಾನು ಸುಮ್ಮನಾದೆ.

ಪುಣೆಗೆ ಮರಳಿ ಮಾಲೀಕರ ಮುಂದೆ ಕೂತು, ‘ಆ ಎರಡು ಸಾಲು ರ‍್ಯಾಕ್ ತೆಗೆಸಬೇಕು’ ಎಂದೆ. ನಾನೇ ನಿಲ್ಲಿಸಿದ್ದನ್ನು ನಾನೇ ಕೀಳಿಸಿ ಎನ್ನುವುದು ಸುಲಭದ ಮಾತಾಗಿರಲಿಲ್ಲ. ಕೆಲಸ ಹೋದರೂ ಹೋಗಬಹುದಿತ್ತು. ಅವರು ಅರ್ಧ ಗಂಟೆ ಕೂಗಾಡಿದರು. ಆಮೇಲೆ ಆ ತಿಂಗಳು ತಡವಾದ ಆರ್ಡರುಗಳ ಪಟ್ಟಿ ನೋಡಿ ಒಪ್ಪಿದರು.

ಇಳಿಸಿಕೊಳ್ಳುವ ನೆಲ ಮತ್ತೆ ಖಾಲಿಯಾಯಿತು. ಬೆಳಿಗ್ಗೆ ಬಂದ ಮಾಲು ಸಂಜೆಯೊಳಗೆ ತನ್ನ ಜಾಗ ಸೇರಬೇಕು. ರ‍್ಯಾಕಿನ ಚೀಟಿಯನ್ನೂ ಡಬ್ಬಿಯ ಚೀಟಿಯನ್ನೂ ಸ್ಕ್ಯಾನ್ ಮಾಡಿದ ಮೇಲಷ್ಟೇ ಕಂಪ್ಯೂಟರ್ ‘ಇದೆ’ ಎನ್ನಬೇಕು ಎಂದು ನಿಯಮ ಮಾಡಿದೆವು. ಯಾವುದಾದರೂ ನಿಂತ ಗಾಡಿಗೆ ಬೇಕಾದ ಭಾಗ ಬಂದ ಮಾಲಿನಲ್ಲಿದ್ದರೆ, ಅದು ರ‍್ಯಾಕಿಗೆ ಹೋಗುವುದೇ ಇಲ್ಲ. ನೇರ ಹೊರಡುವ ಬಾಗಿಲಿಗೆ.

ಎರಡನೆಯದು, ನಡಿಗೆ. ಗೋದಾಮಿನಲ್ಲಿ ಮಾಲು ಆರಿಸುವ ಹುಡುಗರ ಸಮಯದಲ್ಲಿ ಅರ್ಧದಷ್ಟು ನಡೆಯುವುದರಲ್ಲೇ ಹೋಗುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ನಮ್ಮಲ್ಲಿ ಅಫಜಲಪುರದ ಕಡೆಯ ಹುಡುಗನೊಬ್ಬನಿದ್ದ. ‘ಸರ, ನಾವು ಮಾಲ್ ತಗ್ಯಾಕ ಬಂದೀವೋ, ಪಂಢರಪುರ ವಾರಿಗೆ ಹೊಂಟೀವೋ?’ ಎಂದು ಒಮ್ಮೆ ಕೇಳಿದ್ದ. ಅವನ ಮೊಬೈಲಿನಲ್ಲಿ ಹೆಜ್ಜೆ ಎಣಿಸಿದರೆ ದಿನಕ್ಕೆ 14 ಕಿಲೋಮೀಟರ್! ಒಂದು ವರ್ಷದ ಆರ್ಡರುಗಳನ್ನು ತೆಗೆದು, ಯಾವುದರ ಬೆಲೆ ಎಷ್ಟು ಎಂದಲ್ಲ, ಯಾವುದನ್ನು ಎಷ್ಟು ಸಲ ಕೇಳಿದ್ದಾರೆ ಎಂದು ಎಣಿಸಿದೆವು. ಐದರಲ್ಲಿ ಒಂದು ಪಾಲು ಬಿಡಿಭಾಗಗಳೇ ಸರಿಸುಮಾರು ಐದರಲ್ಲಿ ನಾಲ್ಕು ಪಾಲು ಬೇಡಿಕೆಯನ್ನು ತುಂಬುತ್ತಿದ್ದವು. ಅವನ್ನೆಲ್ಲ ಹೊರಡುವ ಬಾಗಿಲಿನ ಹತ್ತಿರ, ಸೊಂಟದಿಂದ ಭುಜದ ಎತ್ತರದೊಳಗೆ ಇಟ್ಟೆವು. ಬಗ್ಗುವುದೂ ಬೇಡ, ಏಣಿಯೂ ಬೇಡ. ಎರಡು ತಿಂಗಳಲ್ಲಿ ಆ ಹುಡುಗನ ನಡಿಗೆ 8 ಕಿಲೋಮೀಟರಿಗೆ ಇಳಿಯಿತು.

ಮೂರನೆಯದು, ಎಲ್ಲಕ್ಕೂ ಒಂದೇ ಬಗೆಯ ರ‍್ಯಾಕ್ ಎಂಬ ಹಟ ಬಿಟ್ಟೆವು. ನಟ್ಟು, ಸೀಲು, ಬಲ್ಬುಗಳಿಗೆ ಪ್ಲಾಸ್ಟಿಕ್ ಬಿನ್‌ಗಳಿರುವ ಎರಡು ಅಂತಸ್ತಿನ ಶೆಲ್ಫು. ಸೈಲೆನ್ಸರಿನಂಥ ಉದ್ದದ ಭಾಗಗಳಿಗೆ, ಮುಂದುಗಡೆ ಕಂಬವಿಲ್ಲದೆ ಬರೀ ತೋಳು ಚಾಚಿದ ಕ್ಯಾಂಟಿಲಿವರ್ ರ‍್ಯಾಕ್. ಮುಂಗಾಜುಗಳನ್ನು ಮಲಗಿಸಬಾರದು, ಪುಸ್ತಕದ ಹಾಗೆ ನಿಲ್ಲಿಸಬೇಕು. ಅದಕ್ಕೆ ಮರದ ಪಟ್ಟಿಯ ಮನೆಗಳು. ರಬ್ಬರಿನ ಬೆಲ್ಟು, ಹೋಸು ಬಿಸಿಲಿಗೆ ಬಿರಿಯುತ್ತವೆ; ಛಾವಣಿಯ ಬೆಳಕಿನ ಶೀಟಿನ ಕೆಳಗಿಂದ ಅವನ್ನು ಆಚೆ ಸರಿಸಿ, ಮೊದಲು ಬಂದದ್ದು ಮೊದಲು ಹೋಗುವ ಹಾಗೆ ಜೋಡಿಸಿದೆವು. ಬ್ಯಾಟರಿಗಳು ಸುಮ್ಮನೆ ಕೂತರೂ ಇಳಿಯುತ್ತವೆ. ಅವಕ್ಕೆ ಗಾಳಿಯಾಡುವ ಮೂಲೆ ಮತ್ತು ಆಗಾಗ ಚಾರ್ಜು. ಎಣ್ಣೆ, ಪೇಂಟು ಬೇರೆ ಕೋಣೆಗೆ. ಏರ್‌ಬ್ಯಾಗಿನೊಳಗೆ ಸಿಡಿಯುವ ರಾಸಾಯನಿಕ ಇರುವುದರಿಂದ ಅದಕ್ಕೆ ಬೀಗ ಹಾಕಿದ ಪ್ರತ್ಯೇಕ ಜಾಗ.

ಇನ್ನು ಜೀವದ ವಿಷಯ. ಮೊದಲ ನಕ್ಷೆಯಲ್ಲಿ ಫೋರ್ಕ್‌ಲಿಫ್ಟ್ ಓಡುವ ದಾರಿಯಲ್ಲೇ ಹುಡುಗರೂ ಓಡಾಡುತ್ತಿದ್ದರು. ಎರಡನ್ನೂ ಬೇರೆ ಮಾಡಿ, ನಡುವೆ ಕಬ್ಬಿಣದ ಕಟಕಟೆ ಹಾಕಿಸಿದೆವು. ಸಾಮಾನ್ಯ ಫೋರ್ಕ್‌ಲಿಫ್ಟ್ ತಿರುಗಲು ಮೂರೂವರೆ ಮೀಟರಿಗೂ ಹೆಚ್ಚು ಅಗಲದ ಓಣಿ ಬೇಕು. ರೀಚ್ ಟ್ರಕ್‌ಗೆ ಮೂರು ಮೀಟರಿನ ಆಸುಪಾಸು ಸಾಕು; ಆದರೆ ಅದಕ್ಕೆ ನೆಲ ಸಮತಟ್ಟಾಗಿರಬೇಕು. ರ‍್ಯಾಕಿನ ಪ್ರತಿ ಸಾಲಿಗೂ ಎಷ್ಟು ಭಾರ ತಡೆಯುತ್ತದೆಂಬ ಫಲಕ, ಕಂಬಗಳ ಬುಡಕ್ಕೆ ಡಿಕ್ಕಿ ತಡೆಯುವ ಕವಚ. ಬೆಂಕಿ ಆರಿಸುವ ಸ್ಪ್ರಿಂಕ್ಲರಿನ ಕೆಳಗೆ ಅರ್ಧ ಮೀಟರಿನಷ್ಟು ಖಾಲಿ ಬಿಡಬೇಕು. ಅಲ್ಲಿಯವರೆಗೂ ಡಬ್ಬಿ ಪೇರಿಸಿದರೆ ನೀರು ಬೆಂಕಿಯನ್ನು ಮುಟ್ಟುವುದೇ ಇಲ್ಲ. ಇಲ್ಲೂ ಅದೇ ಪಾಠ: ಖಾಲಿ ಜಾಗ ದಂಡವಲ್ಲ.

ಹೊರನಾಡಿನಲ್ಲಿರುವ ನಮ್ಮವರಲ್ಲಿ ಹಲವರು ಇಂಥ ವ್ಯಾಪಾರದಲ್ಲಿದ್ದೀರಿ. ಗೋದಾಮು ಬಾಡಿಗೆಗೆ ಹಿಡಿಯುವ ಮುನ್ನ ಚದರ ಅಡಿಯ ದರ ಕೇಳುವ ಜೊತೆಗೆ ಇನ್ನೂ ಕೆಲವನ್ನು ಕೇಳಿ. ನೆಲ ಎಷ್ಟು ಭಾರ ತಡೆಯುತ್ತದೆ? ಛಾವಣಿಯ ಉಪಯೋಗಕ್ಕೆ ಬರುವ ಎತ್ತರ ಎಷ್ಟು? ಡಾಕ್ ಲಾರಿಯ ಹಾಸಿಗೆಯ ಮಟ್ಟಕ್ಕೆ, ಅಂದರೆ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಇದೆಯೇ? ನಲವತ್ತು ಅಡಿಯ ಕಂಟೇನರ್ ಲಾರಿ ತಿರುಗಿ ಹಿಮ್ಮುಖವಾಗಿ ಬಂದು ನಿಲ್ಲಲು ಎದುರಿಗೆ ನೂರಡಿಗೂ ಹೆಚ್ಚು ಅಂಗಳವಿದೆಯೇ? ಮಳೆಗಾಲದಲ್ಲಿ ಅಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಪಕ್ಕದ ಚಹಾ ಅಂಗಡಿಯವನನ್ನೂ ಒಮ್ಮೆ ಕೇಳಿ.

ಎರಡು ವರ್ಷದ ಹಿಂದೆ ಮಾವ ಪುಣೆಗೆ ಬಂದಿದ್ದರು. ವಾಘೋಲಿಗೆ ಕರೆದೊಯ್ದೆ. ಅಷ್ಟು ದೊಡ್ಡ ಗೋದಾಮನ್ನು ಸುಮ್ಮನೆ ಸುತ್ತು ಹಾಕಿ, ಕೊನೆಗೆ ಬಾಗಿಲ ಬಳಿ ನಿಂತು, ‘ಒಂದು ಫ್ಯಾನ್ ಬೆಲ್ಟ್ ಕೊಡ್ಸಪ್ಪ’ ಎಂದು ನಂಬರು ಹೇಳಿ ಗಡಿಯಾರ ನೋಡಿದರು. ಅಫಜಲಪುರದ ಹುಡುಗ ಈಗ ಮೇಲ್ವಿಚಾರಕ. ತಾನೇ ಹೋಗಿ ತಂದುಕೊಟ್ಟ. ಎರಡೂವರೆ ನಿಮಿಷ. ‘ಪರವಾಗಿಲ್ಲ’ ಎಂದರು ಮಾವ. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಈಗ ಹೊಸ ಗೋದಾಮಿನ ನಕ್ಷೆಗೆ ಕೂತಾಗ ರ‍್ಯಾಕುಗಳನ್ನು ನಾನು ಮೊದಲು ಬರೆಯುವುದಿಲ್ಲ. ಮಾಲು ಇಳಿಯುವ ಜಾಗ, ಹೊರಡುವ ಜಾಗ, ಎರಡನ್ನೂ ಗುರುತು ಮಾಡಿ ಗೆರೆ ಎಳೆಯುತ್ತೇನೆ. ಆ ಗೆರೆ ದಾಟಿ ಇನ್ನೆರಡು ಸಾಲು ಹಾಕಬಹುದಲ್ಲ ಎಂದು ಮಾಲೀಕರು ಕೇಳಿಯೇ ಕೇಳುತ್ತಾರೆ. ಆಗ ಅವರಿಗೆ ಶಿರವಳದಲ್ಲಿ ನಿಂತಿದ್ದ ಟೊಮೆಟೊ ಲಾರಿಯ ಕಥೆ ಹೇಳುತ್ತೇನೆ.