ನಿಮಗಿದು ಗೊತ್ತೆ? ಬಿಸಿಲೇರುವ ಮೊದಲೇ ಅರಳುವ ಭತ್ತ

ತೆನೆ ನೋಡಿದರೆ ತುಂಬಿದಂತಿದೆ, ಹಿಸುಕಿದರೆ ಬರೀ ಜೊಳ್ಳು! ಹೂವಾಡುವ ಹೊತ್ತಿನಲ್ಲಿ ಬಡಿದ ಬಿಸಿಲೂ ಇದಕ್ಕೆ ಕಾರಣವಾಗಿರಬಹುದು.

● ಭತ್ತದ ಒಂದೊಂದು ಹೂವೂ ಬಾಯಿ ತೆರೆಯುವುದು ಸುಮಾರು ಒಂದು ತಾಸು ಮಾತ್ರ, ಹೆಚ್ಚಾಗಿ ಮಧ್ಯಾಹ್ನದ ಮುಂಚೆ. ಆಗ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗಕೋಶಗಳು ಸರಿಯಾಗಿ ಬಿರಿಯುವುದಿಲ್ಲ, ಕಾಳು ಕಟ್ಟುವುದಿಲ್ಲ.

● ‘ಒರೈಜಾ ಅಫಿಸಿನಾಲಿಸ್’ ಎಂಬ ಕಾಡುಭತ್ತ ಬೆಳಗ್ಗೆ ಬೇಗನೆ ಅರಳುತ್ತದೆ. ಈ ಗುಣ ಅಡಗಿರುವ 3ನೇ ವರ್ಣತಂತುವಿನ ತುಣುಕನ್ನು ತಳಿಸಂಕರದ ಮೂಲಕ ಐಆರ್-64 ತಳಿಗೆ ತಂದಾಗ, ಅದೂ ಒಂದೂವರೆ–ಎರಡು ತಾಸು ಮೊದಲೇ ಅರಳಿತು.

● ಉತ್ತರ ಪ್ರದೇಶದ ನಗೀನಾ-22 ಸುಡುಬಿಸಿಲಲ್ಲೂ ಕಾಳು ಕಟ್ಟುವ ಹಳೆಯ ತಳಿ. ಆ ತಾಳಿಕೆಯ ಒಂದು ಪಾಲು 4ನೇ ವರ್ಣತಂತುವಿನಲ್ಲಿದೆ.

● ಆಫ್ರಿಕಾದ ಭತ್ತದಲ್ಲಿ ಟಿಟಿ1 ಎಂಬ ವಂಶವಾಹಿಯನ್ನು ವಿಜ್ಞಾನಿಗಳು 2015ರಲ್ಲಿ ವರದಿ ಮಾಡಿದರು. ಬಿಸಿಗೆ ಕೆಟ್ಟುಹೋದ ಪ್ರೋಟೀನುಗಳನ್ನು ಜೀವಕೋಶದಿಂದ ಬೇಗ ತೊಲಗಿಸಲು ಅದು ನೆರವಾಗುತ್ತದೆ.

ಇಳುವರಿ ಕಡಿಮೆಯೆಂದು ಕೈಬಿಟ್ಟ ನಾಟಿ ತಳಿಯಲ್ಲೂ, ಕಳೆಯೆಂದು ಕಿತ್ತೆಸೆದ ಕಾಡುಭತ್ತದಲ್ಲೂ ನಾಳೆಯ ಅನ್ನ ಅಡಗಿರಬಹುದು. ಒಂದು ಹಿಡಿ ಬೀಜವನ್ನಾದರೂ ಕಾಪಿಡೋಣ.