ನಿಪ್ಪಾಣಿಯ ಹೆಂಗಸರು ಬರ್ಲಿನ್ ಪರದೆಯ ಮೇಲೆ

ನಿಪ್ಪಾಣಿ ಎಂದರೆ ಹಳಬರಿಗೆ ನೆನಪಾಗುವುದು 1981ರ ತಂಬಾಕು ಬೆಳೆಗಾರರ ಚಳವಳಿ, ಗೋಲಿಬಾರಿಗೆ ಬಲಿಯಾದ ರೈತರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅದೇ ಊರಿನ ವಖಾರಿಗಳಲ್ಲಿ ತಂಬಾಕು ಕುಟ್ಟಿ, ಜರಡಿ ಹಿಡಿಯುತ್ತಿದ್ದ ಹೆಂಗಸರೂ ಕೆಲಸ ನಿಲ್ಲಿಸಿ ಹೊರಗೆ ಬಂದಿದ್ದರು, ಸಂಘ ಕಟ್ಟಿದ್ದರು. ಇದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಅವರ ಮುಖ, ದನಿ, ಸಿಟ್ಟು ಈಗಲೂ ಸಿಗುವುದು 1982ರ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ, ಅರ್ಧ ಗಂಟೆಯೂ ಇಲ್ಲದ ಮರಾಠಿ ಸಾಕ್ಷ್ಯಚಿತ್ರದಲ್ಲಿ. ಮಹಿಳಾ ಚಿತ್ರೋತ್ಸವಗಳ ಬಗ್ಗೆ ನನಗೆ ಕುತೂಹಲ ಹುಟ್ಟಿಸಿದ್ದೂ ಈ ಚಿತ್ರವೇ.

ಇದನ್ನು ಮಾಡಿದ್ದು ‘ಯುಗಾಂತರ’ ಎಂಬ ಬೆಂಗಳೂರಿನ ತಂಡ. 1980ರಲ್ಲಿ ದೀಪಾ ಧನರಾಜ್, ಆಭಾ ಭಯ್ಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಸೇರಿ ಕಟ್ಟಿದ್ದು. ಪುಣೆಯ ಮನೆಗೆಲಸದವರ ಬಗ್ಗೆ ‘ಮೋಲ್ಕರಿನ್’ ಮಾಡಿ ಮುಗಿಸಿದ ಮೇಲೆ ಅವರು ನಿಪ್ಪಾಣಿಗೆ ಬಂದರು. ಕ್ಯಾಮೆರಾ ಹಿಡಿದು ಎರಡು ದಿನದಲ್ಲಿ ಹಿಂತಿರುಗುವ ಪೈಕಿಯವರಲ್ಲ. ತಿಂಗಳುಗಟ್ಟಲೆ ಕಾರ್ಮಿಕರ ಜತೆ ಕೂತು ಕೇಳಿಸಿಕೊಂಡರು. ಏನನ್ನು ತೋರಿಸಬೇಕು, ಹೇಗೆ ತೋರಿಸಬೇಕು ಎಂಬ ಮಾತಿನಲ್ಲಿ ಆ ಹೆಂಗಸರಿಗೂ ಪಾಲಿತ್ತು. ನಡೆದುಹೋದ ಘಟನೆಗಳನ್ನು ಕ್ಯಾಮೆರಾ ಮುಂದೆ ಮತ್ತೆ ನಡೆಸಿ ತೋರಿಸಿದ್ದೂ ಅವರೇ. ಹೊರಗಿನವರು ಕಾಣದ ವಖಾರಿಯ ಒಳಭಾಗ, ಅಲ್ಲಿನ ಧೂಳು, ಮೂಗು ಬಾಯಿಗೆ ಕಟ್ಟಿಕೊಂಡ ಬಟ್ಟೆ ತೆರೆಗೆ ಬಂತು.

ಇಂಥ ಚಿತ್ರಕ್ಕೆ ಟಾಕೀಸಿನ ದಾರಿ ಇರಲಿಲ್ಲ. 16 ಎಂಎಂ ಪ್ರೊಜೆಕ್ಟರ್ ಹೊತ್ತು ಮಹಿಳಾ ಸಂಘಟನೆಗಳು, ಕಾರ್ಮಿಕ ಸಂಘಗಳು ಕರೆದಲ್ಲಿ ತೋರಿಸಬೇಕು. 400 ಅಡಿಯ ಒಂದು ಸುರುಳಿ ಓಡುವುದು ಸುಮಾರು 11 ನಿಮಿಷ. ಪ್ರತಿ ಸಲ ಓಡಿದಾಗಲೂ ಅಂಚಿನ ತೂತುಗಳು ಸವೆಯುತ್ತವೆ, ಮೈಮೇಲೆ ಗೀರು ಬೀಳುತ್ತದೆ. ಹೆಚ್ಚು ಜನ ನೋಡಿದಷ್ಟೂ ಪ್ರತಿ ಬೇಗ ಹಾಳಾಗುತ್ತದೆ. ನೋಡದೆ ಸೆಕೆಯ ಕೋಣೆಯಲ್ಲಿಟ್ಟರೂ ಉಳಿಯುವುದಿಲ್ಲ. ಫಿಲ್ಮ್ ವಿನೆಗರ್‌ನಂತೆ ಹುಳಿ ವಾಸನೆ ಹೊಡೆಯಲು ಶುರುವಾದರೆ ಅದರ ಕಾಲ ಮುಗಿಯಿತೆಂದೇ ಲೆಕ್ಕ. ಯುಗಾಂತರದ ನಾಲ್ಕೂ ಚಿತ್ರಗಳನ್ನು ಡಿಜಿಟಲ್ ರೂಪಕ್ಕೆ ತಂದು ಉಳಿಸಿದ್ದು ಬರ್ಲಿನ್‌ನ ಆರ್ಸೆನಲ್ ಎಂಬ ಸಿನಿಮಾ ಸಂಸ್ಥೆ. ಹಾಗಾಗಿ ನಿಪ್ಪಾಣಿಯ ಹೆಂಗಸರು ದಶಕಗಳ ನಂತರ ಜರ್ಮನಿಯ ಪರದೆಯ ಮೇಲೆ ಮಾತಾಡಿದರು.

ಆರ್ಸೆನಲ್ ಈ ಕೆಲಸಕ್ಕೆ ಕೈಹಾಕಿದ್ದು ಆಕಸ್ಮಿಕವಲ್ಲ. 1973ರಲ್ಲಿ ಹೆಲ್ಕೆ ಜಾಂಡರ್ ಮತ್ತು ಕ್ಲೌಡಿಯಾ ಫಾನ್ ಆಲೆಮಾನ್ ಮಹಿಳಾ ಸಿನಿಮಾದ ಅಂತರರಾಷ್ಟ್ರೀಯ ಸಮಾವೇಶ ನಡೆಸಿದ್ದು ಅದರ ಚಿತ್ರಮಂದಿರದಲ್ಲೇ. ಅದಕ್ಕೂ ಒಂದು ವರ್ಷ ಮೊದಲು ನ್ಯೂಯಾರ್ಕ್ ಮತ್ತು ಎಡಿನ್‌ಬರೋದಲ್ಲಿ ಇಂಥ ಪ್ರದರ್ಶನಗಳಾಗಿದ್ದವು. 1943ರ ನಂತರ ಕಥಾಚಿತ್ರ ನಿರ್ದೇಶಿಸದೆ ಮರೆಯಾಗಿದ್ದ ಹಾಲಿವುಡ್‌ನ ಡೊರೋತಿ ಆರ್ಜ್ನರ್ ಹೆಸರು ಮತ್ತೆ ಕೇಳಿಬಂದದ್ದು ಆ ಅಲೆಯಲ್ಲಿ. ಫ್ರಾನ್ಸಿನ ಕ್ರೆತೈ ಮಹಿಳಾ ಚಿತ್ರೋತ್ಸವ 1979ರಲ್ಲಿ ಶುರುವಾಯಿತು. ನಮ್ಮಲ್ಲಿ ದೆಹಲಿಯ ಏಷ್ಯನ್ ಮಹಿಳಾ ಚಿತ್ರೋತ್ಸವ 2005ರದ್ದು.

‘ಹೆಂಗಸರಿಗೆ ಬೇರೆ ಉತ್ಸವ ಏಕೆ?’ ಎಂದು ಕೇಳುವವರು ಈಗಲೂ ಇದ್ದಾರೆ. 1946ರಿಂದ ನಡೆಯುತ್ತಿರುವ ಕಾನ್‌ ಉತ್ಸವದ ‘ಪಾಮ್ ದೋರ್’ 2020ರವರೆಗೆ ಸಿಕ್ಕಿದ್ದು ಒಬ್ಬಳೇ ನಿರ್ದೇಶಕಿಗೆ. 1993ರಲ್ಲಿ ಜೇನ್ ಕ್ಯಾಂಪಿಯನ್‌ಗೆ, ಅದೂ ಇನ್ನೊಬ್ಬರ ಜತೆ ಹಂಚಿಕೊಂಡು. ಆದರೆ ಪ್ರಶಸ್ತಿಗಿಂತ ದೊಡ್ಡದು ತೋರಿಸುವ ಅವಕಾಶ ಎಂದೇ ನನ್ನ ನಂಬಿಕೆ. ಎಲ್ಲೋ ಪ್ರದರ್ಶನ ಇದೆ ಎಂದಾಗ ಯಾರೋ ಪ್ರತಿ ಹುಡುಕುತ್ತಾರೆ, ಅಡಿಬರಹ ಬರೆಯುತ್ತಾರೆ, ಗೀರು ಅಳಿಸಲು ದುಡ್ಡು ಹೊಂದಿಸುತ್ತಾರೆ. ಕರೆಯೇ ಬರದ ಚಿತ್ರ ಡಬ್ಬಿಯಲ್ಲೇ ಹುಳಿಯುತ್ತದೆ.

ಕನ್ನಡದಲ್ಲಿ ಇಂಥ ಉತ್ಸವಕ್ಕೆ ಬೇಕಾದ ಸರಕು ಕಡಿಮೆಯೇನಿಲ್ಲ. ಎಂ.ಕೆ. ಇಂದಿರಾ ಕಾದಂಬರಿಯಿಂದ ಪ್ರೇಮಾ ಕಾರಂತರು ಮಾಡಿದ ‘ಫಣಿಯಮ್ಮ’, ಕವಿತಾ ಲಂಕೇಶರ ‘ದೇವೀರಿ’, ಸುಮನಾ ಕಿತ್ತೂರರ ‘ಕಿರಗೂರಿನ ಗಯ್ಯಾಳಿಗಳು’, ಚಂಪಾ ಶೆಟ್ಟಿಯವರ ‘ಅಮ್ಮಚ್ಚಿಯೆಂಬ ನೆನಪು’, ರೂಪಾ ರಾವ್ ಅವರ ‘ಗಂಟುಮೂಟೆ’ ಇವನ್ನು ಸಾಲಾಗಿ ಹಚ್ಚಿದರೆ ಜಿಲ್ಲಾ ಕೇಂದ್ರವೊಂದರಲ್ಲಿ ಮೂರು ದಿನದ ಉತ್ಸವ ಆರಾಮಾಗಿ ನಡೆದೀತು. ಒಂದು ಸಭಾಂಗಣ, ಒಂದು ಪ್ರೊಜೆಕ್ಟರ್, ಹಕ್ಕುದಾರರ ಒಪ್ಪಿಗೆ, ಚಿತ್ರ ಮುಗಿದ ಮೇಲೆ ಗಂಟೆ ಹೊತ್ತು ಮಾತಾಡಲು ಬಿಡುವ ಮನಸ್ಸು ಇದ್ದರೆ ಸಾಕು.

ಅಂಥ ಉತ್ಸವ ಬೆಳಗಾವಿ ಸೀಮೆಯಲ್ಲಿ ಆಗುವುದಾದರೆ ಮೊದಲ ಆಟ ನಿಪ್ಪಾಣಿಯಲ್ಲೇ ಇರಲಿ, ಆ ಮರಾಠಿ ಚಿತ್ರದ್ದೇ ಇರಲಿ, ಕನ್ನಡದ ಅಡಿಬರಹ ಹಾಕಿಸಿ. ಚಿತ್ರ ತೆಗೆದಾಗ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ಕೆಲಸಗಾರ್ತಿಯರಿಗೆ ಈಗ ಎಪ್ಪತ್ತರ ಹತ್ತಿರ. ಅವರು ಮುಂದಿನ ಸಾಲಿನಲ್ಲಿ ಕೂತು, ಮೊಮ್ಮಕ್ಕಳಿಗೆ ಅದು ಯಾರು, ಇದು ಯಾವ ವಖಾರಿ ಎಂದು ಹೇಳುವಷ್ಟು ಕಾಲ ಇನ್ನೂ ಉಳಿದಿದೆ, ಬಹಳ ಉಳಿದಿಲ್ಲ.