ಓಣಿಯ ದೀಪ, ಪಂಚಾಯಿತಿಯ ಲೆಕ್ಕ



ನಿಮ್ಮ ಮನೆಯ ಘರಪಟ್ಟಿಯ ಪಾವತಿಯನ್ನು ಒಮ್ಮೆ ತೆಗೆದು ನೋಡಿರಿ. ಘರಪಟ್ಟಿ, ಪಾಣಿಪಟ್ಟಿ, ಆರೋಗ್ಯ ಕರ ಇವುಗಳ ಜೊತೆಗೆ ‘ದಿವಾಬತ್ತಿ ಕರ’ ಎಂಬ ಸಾಲೊಂದು ಕಾಣುತ್ತದೆ. ದಿವಾಬತ್ತಿ ಎಂದರೆ ನಮ್ಮ ಓಣಿಯ ಬೀದಿದೀಪ. ಮೊತ್ತ ಸಣ್ಣದು, ಹೀಗಾಗಿ ಯಾರೂ ಅದರ ಕಡೆ ಲಕ್ಷ್ಯ ಕೊಡುವುದಿಲ್ಲ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದವನು. ಹಣ ತುಂಬಿದವರು ಲೆಕ್ಕ ಕೇಳಬಹುದು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಅದನ್ನೇ ಇಂದು ಬೀದಿದೀಪಕ್ಕೆ ಹಚ್ಚಿ ನೋಡೋಣ.

ದೀಪ ಹಚ್ಚುವುದು ಯಾರ ಕೆಲಸ? ನಮ್ಮ ಭಾಗದಲ್ಲಿ ಮೂರು ಕಾಯಿದೆಗಳಿವೆ. ಸೊಲ್ಲಾಪುರಕ್ಕೆ 1852ರಲ್ಲಿ ನಗರಪಾಲಿಕೆ ಬಂದಿತು, 1964ರಲ್ಲಿ ಅದು ಮಹಾನಗರಪಾಲಿಕೆಯಾಯಿತು. ಅದಕ್ಕೆ 1949ರ ಕಾಯಿದೆ ಅನ್ವಯಿಸುತ್ತದೆ. ಅಕ್ಕಲಕೋಟೆಯ ನಗರ ಪರಿಷತ್ತಿಗೆ 1965ರ ಕಾಯಿದೆ. ಸಾರ್ವಜನಿಕ ರಸ್ತೆಗೆ ದೀಪ ಹಾಕುವುದು ಕಡ್ಡಾಯ ಕರ್ತವ್ಯವೆಂದು ಈ ಎರಡೂ ಹೇಳುತ್ತವೆ. ನಮ್ಮ ಹಳ್ಳಿಗಳಿಗೆ 1958ರ ಗ್ರಾಮಪಂಚಾಯಿತಿ ಕಾಯಿದೆ ಇದ್ದು, ಪಂಚಾಯಿತಿಯ ಕೆಲಸಗಳ ಯಾದಿಯಲ್ಲಿ ಊರಿನ ದಿವಾಬತ್ತಿಯೂ ಸೇರಿದೆ. ಸಾಮಾನ್ಯವಾಗಿ ಕಂಬ, ತಂತಿ ಮಹಾವಿತರಣದವು. ಮೇಲಿನ ದೀಪದ ದುರಸ್ತಿ ಪಂಚಾಯಿತಿಯ ಪಾಲಿನದು.

ಬಿಲ್ಲಿನ ಮಾತು ಬಂದಾಗ 2021 ನೆನಪಿಗೆ ಬರುತ್ತದೆ. 15ನೇ ಹಣಕಾಸು ಆಯೋಗದ ಅನುದಾನದಿಂದ ಬೀದಿದೀಪದ ಬಿಲ್ಲು ತುಂಬಿರಿ ಎಂದು ಆ ವರ್ಷ ರಾಜ್ಯ ಸರಕಾರ ಹೇಳಿತು. ಸರಪಂಚರು ವಿರೋಧಿಸಿದರು. ಬಾಕಿಗಾಗಿ ರಾಜ್ಯದ ಅನೇಕ ಊರುಗಳ ಬೀದಿದೀಪದ ಕನೆಕ್ಷನ್ ಕಡಿದುಹೋಯಿತು. ಅಂದರೆ ವ್ಯರ್ಥವಾಗಿ ಉರಿದ ಪ್ರತಿ ಯೂನಿಟ್ಟೂ ಓಣಿಯ ರಸ್ತೆಗೋ ಅಂಗನವಾಡಿಯ ದುರಸ್ತಿಗೋ ಬರಬಹುದಾದ ಹಣವನ್ನು ತಿನ್ನುತ್ತದೆ.

ಎಷ್ಟು ತಿನ್ನುತ್ತದೆ? ಪೆನ್ಸಿಲ್ ತೆಗೆದುಕೊಳ್ಳಿರಿ. ಒಂದು ಊರಿನಲ್ಲಿ 40 ವ್ಯಾಟಿನ 100 ದೀಪಗಳಿವೆ ಎಂದು ಹಿಡಿಯಿರಿ. ಗಂಟೆಗೆ 4 ಯೂನಿಟ್. ಸೂರ್ಯ ಹುಟ್ಟಿದ ಮೇಲೂ ಆರಿಸುವವರಿಲ್ಲದೆ 3 ತಾಸು ಉರಿದರೆ ದಿನಕ್ಕೆ 12 ಯೂನಿಟ್, ವರ್ಷಕ್ಕೆ 4,380 ಯೂನಿಟ್. 12 ತಾಸಿನ ರಾತ್ರಿಗೆ ಬೇಕಾಗುವ ಕರೆಂಟಿನ ಕಾಲುಭಾಗ ಹಗಲಿನಲ್ಲೇ ಹೋಯಿತು! ತಾನೇ ಹತ್ತಿ ತಾನೇ ಆರುವ ಟೈಮರ್ ಸ್ವಿಚ್ಚು ಒಂದಿದ್ದರೆ ಈ ನಷ್ಟ ನಿಲ್ಲುತ್ತದೆ.

ಇನ್ನೊಂದು ನಷ್ಟ ಬಿಲ್ಲಿನಲ್ಲಿ ಕಾಣುವುದಿಲ್ಲ. ಸೋಯಾಬೀನು, ತೊಗರಿ ಇವು ರಾತ್ರಿ ಉದ್ದವಾದಾಗ ಹೂ ಬಿಡುವ ಬೆಳೆಗಳು. ಹೊಲದ ಬದಿಗೆ ರಾತ್ರಿಯಿಡೀ ದೀಪ ಉರಿದರೆ ಗಿಡಕ್ಕೆ ಇನ್ನೂ ಹಗಲೆಂದೇ ಲೆಕ್ಕ. ಎಲ್ಲ ಗಿಡ ಒಣಗುತ್ತ ಬಂದರೂ ದೀಪದ ಕೆಳಗಿನ ಸಾಲು ಹಸಿರಾಗಿಯೇ ನಿಲ್ಲಬಹುದು. ಮುಗಿಲಿನ ಕಡೆ ಮುಖ ಮಾಡಿದ ಫೋಕಸ್ ದೀಪದಿಂದ ಎದುರು ಬರುವ ಮೋಟಾರ್ ಸೈಕಲ್ಲಿನವನ ಕಣ್ಣು ಕುಕ್ಕುತ್ತದೆ, ಅವನಿಗೆ ಬದಿಯಲ್ಲಿ ನಡೆಯುವವರು ಕಾಣುವುದಿಲ್ಲ.

ಶಬ್ದಕ್ಕೆ ನಿಯಮವಿದೆ. 2000ನೇ ವರ್ಷದ ನಿಯಮದಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ನಿಲ್ಲಬೇಕು. ಬೆಳಕಿಗೆ ಅಂಥ ಪ್ರತ್ಯೇಕ ಕಾಯಿದೆ ನಮ್ಮ ದೇಶದಲ್ಲಿಲ್ಲ. ಆದರೂ ಸ್ಥಳೀಯ ಸಂಸ್ಥೆಗಳು ಮನಸ್ಸು ಮಾಡಿದರೆ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ನಾಗಪುರ ಜಿಲ್ಲೆಯ ಪೆಂಚ್ ಹುಲಿಧಾಮದ ಅಂಚಿನ ಸಿಲ್ಲಾರಿ, ಖಾಪಾ ಮುಂತಾದ 4 ಹಳ್ಳಿಗಳಲ್ಲಿ ಜಿಲ್ಲಾ ಪರಿಷತ್ತು 100ಕ್ಕೂ ಹೆಚ್ಚು ದೀಪಗಳನ್ನು ಬದಲಾಯಿಸಿ, ಬೆಳಕು ಕೆಳಮುಖವಾಗಿ ನೆಲಕ್ಕೇ ಬೀಳುವಂತೆ ಮಾಡಿತು. 2024ರ ಜನವರಿಯಲ್ಲಿ ಪೆಂಚಿಗೆ ಭಾರತದ ಮೊದಲ ‘ಡಾರ್ಕ್ ಸ್ಕೈ ಪಾರ್ಕ್’ ಎಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಊರು ಕತ್ತಲೆಯಾಗಲಿಲ್ಲ, ಮೇಲೆ ನಕ್ಷತ್ರವೂ ಕೆಳಗೆ ದಾರಿಯೂ ಕಾಣತೊಡಗಿದವು.

ದೀಪವೇ ಬೇಡವೆಂದು ನಾನು ಹೇಳುತ್ತಿಲ್ಲ. ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ದೀಪಾಲಂಕಾರ ಬೇಕು, ಅಕ್ಕಲಕೋಟೆಗೆ ಬರುವ ಸ್ವಾಮಿ ಭಕ್ತರಿಗೆ ರಸ್ತೆಯ ಬೆಳಕು ಬೇಕು. ಆದರೆ ಅಗಸಿಯ ಮುಂದೆ ನಾಲ್ಕು ದೀಪ ಝಗಝಗ ಉರಿದು, ಹೆಣ್ಣುಮಕ್ಕಳು ನೀರಿಗೆ ಹೋಗುವ ದಾರಿ ಕತ್ತಲಲ್ಲಿದ್ದರೆ ಅದು ಸರಿಯಾದ ಹಂಚಿಕೆಯಲ್ಲ.

ಕೇಳುವ ಜಾಗ ಗ್ರಾಮಸಭೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಸುಮಾರಿಗೆ ಅದು ಸೇರುವುದು ರೂಢಿ. ಮತದಾರರಲ್ಲಿ ಶೇಕಡಾ 15 ಅಥವಾ 100 ಜನ, ಇವೆರಡರಲ್ಲಿ ಕಡಿಮೆ ಯಾವುದೋ ಅಷ್ಟು ಮಂದಿ ಸೇರಿದರೆ ಸಭೆ ನಡೆಯುತ್ತದೆ. ಅದಕ್ಕೂ ಮೊದಲು ಮಹಿಳೆಯರ ಸಭೆ ಕರೆಯಬೇಕೆಂಬ ನಿಯಮವಿದೆ. ಯಾವ ಓಣಿಯಲ್ಲಿ ಕತ್ತಲೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು, ಅಲ್ಲಿಯೇ ಬರೆಸಿರಿ. ಅರ್ಜಿಯನ್ನು ಮರಾಠಿಯಲ್ಲಿ ಬರೆದು ಪ್ರತಿಯ ಮೇಲೆ ಪೋಚ್ ತೆಗೆದುಕೊಳ್ಳಿರಿ. ಕೇಳಬೇಕಾದವು ನಾಲ್ಕೇ: ನಮ್ಮ ಊರಿನಲ್ಲಿ ದೀಪ ಎಷ್ಟು? ವರ್ಷದ ಬಿಲ್ಲು ಎಷ್ಟು? ಹತ್ತಿಸಿ ಆರಿಸುವವರು ಯಾರು? ಹೊಸ ದೀಪ ಹಾಕುವಾಗ ಬೆಳಕು ನೆಲಕ್ಕೆ ಬೀಳುವಂತೆ ಠರಾವು ಮಾಡುವಿರಾ?

ಸರಪಂಚರಿಗೂ, ನಾವು ಗ್ರಾಮಸೇವಕರೆಂದೇ ಕರೆಯುವ ಅಧಿಕಾರಿಗೂ ಇದು ಕಠಿಣ ಪ್ರಶ್ನೆಯಲ್ಲ. ಕೇಳುವವರು ಬೇಕು, ಅಷ್ಟೇ. ಮುಂದಿನ ಗ್ರಾಮಸಭೆಗೆ ಹೋಗುವಾಗ ಆ ಪಾವತಿ ಜೇಬಿನಲ್ಲಿರಲಿ.